ಗಡಿ ಅಳಿದ ಮೇಲೆ ಹುಟ್ಟಿದ ರಸ್ತೆ: ಸ್ಪಾ-ಫ್ರಾಂಕೋರ್‌ಶಾಂನಲ್ಲಿ ನಾಲ್ಕು ದಿನ

ಗುರುವಾರ

ಐಂಡ್‌ಹೋವನ್‌ನಿಂದ ಹೊರಟಾಗ ಬಿಸಿಲಿತ್ತು. ಲಿಯೇಜ್ ಊರು ದಾಟುವಾಗಲೂ ಇತ್ತು. ಅಲ್ಲಿಂದ ಮುಂದೆ ರಸ್ತೆ ಏರತೊಡಗಿತು, ಎರಡೂ ಬದಿಯ ಕಾಡು ದಟ್ಟವಾಯಿತು, ಕಾರಿನ ಗಾಜಿನ ಮೇಲೆ ಹನಿ ಬಿದ್ದವು. ತಂಗಿಯ ಮಗ ವೈಪರ್ ಹಾಕುತ್ತ, "ಮಾವ, ಹೊರಡೋವಾಗ ಫೋನಲ್ಲಿ ನೋಡಿದ್ದೆ, ಮಳೆ ಇಲ್ಲ ಅಂತಲೇ ಇತ್ತು" ಅಂದ.

"ಇದು ಸ್ಪಾ ಕಣೋ" ಅಂದೆ. ಮೊದಲ ಸಲ ಬರುತ್ತಿರುವವನು ನಾನು. ಆದರೂ ಈ ಊರಿನ ಮಳೆ ನನಗೆ ಹೊಸದಲ್ಲ ಅನ್ನಿಸುತ್ತಿತ್ತು. ಬೆಲ್ಜಿಯಂನ ಈ ಕಾರು ರೇಸಿನ ಟ್ರ್ಯಾಕನ್ನು ಟೀವಿಯಲ್ಲಿ ಇಪ್ಪತ್ತೈದು ವರ್ಷದಿಂದ ನೋಡುತ್ತಿದ್ದೇನೆ.

ನಮ್ಮ ಮನೆ ಸಕಲೇಶಪುರದಿಂದಾಚೆ, ದೋಣಿಗಾಲಿನ ಹತ್ತಿರ, ಶಿರಾಡಿ ಘಾಟಿ ಇಳಿಯಲು ಶುರುವಾಗುವಲ್ಲಿ. ಚಿಕ್ಕಂದಿನಲ್ಲಿ ರಾತ್ರಿ ಹೊದ್ದು ಮಲಗಿದಾಗ ಲಾರಿಗಳ ಸದ್ದು ಕೇಳಿಯೇ ಅದು ಯಾವ ಗೇರಿನಲ್ಲಿದೆ, ಯಾವ ತಿರುವಿಗೆ ಬಂತು, ಹತ್ತುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೇಳುತ್ತಿದ್ದೆ. ಮುಂದೆ ಫಾರ್ಮುಲಾ ಒನ್ ನೋಡಲು ಕೂತಾಗ ಎಷ್ಟೋ ಟ್ರ್ಯಾಕ್‌ಗಳು ಬಂದು ಹೋದವು. ಹೆಚ್ಚಿನವು ಬಯಲಿನಲ್ಲಿ ಗೆರೆ ಎಳೆದು ಕಟ್ಟಿದವು. ಇದೊಂದೇ ಘಾಟಿಯಂತೆ ಕಂಡಿತು. ಕಾಡಿನೊಳಗೆ ಇಳಿಯುತ್ತದೆ, ಹಳ್ಳ ದಾಟುತ್ತದೆ, ಎದುರು ಗುಡ್ಡಕ್ಕೆ ಹತ್ತುತ್ತದೆ. ಒಂದು ಕಡೆ ಮಳೆ ಹೊಯ್ಯುವಾಗ ಇನ್ನೊಂದು ಕಡೆ ರಸ್ತೆ ಒಣಗಿರುತ್ತದೆ. ಇದನ್ನು ಯಾರೋ ಕಟ್ಟಿದ್ದಲ್ಲ, ಮೊದಲೇ ಅಲ್ಲಿ ಇದ್ದದ್ದು ಎಂದು ಆಗಲೇ ಅನ್ನಿಸಿತ್ತು. ಅದು ನಿಜವೇ ಎಂದು ಕಣ್ಣಾರೆ ನೋಡಬೇಕಿತ್ತು.

ಸಂಜೆ ಸ್ಪಾ ಪಟ್ಟಣದಲ್ಲಿ ಇಳಿದೆವು. ಇಂದು ಬೆಂಗಳೂರಿನ ಬೀದಿ ಬೀದಿಯಲ್ಲೂ ಬೋರ್ಡಿನಲ್ಲಿ ಕಾಣುವ 'ಸ್ಪಾ' ಎಂಬ ಮಾತು ಬಂದದ್ದು ಈ ಸಣ್ಣ ಊರಿನ ಹೆಸರಿನಿಂದ. ಇಲ್ಲಿ ನೆಲದಿಂದ ಕಬ್ಬಿಣದ ಅಂಶವಿರುವ, ತಾನಾಗಿಯೇ ಗುಳ್ಳೆಯೇಳುವ ನೀರು ಉಕ್ಕುತ್ತದೆ. ಅಂಥ ಬುಗ್ಗೆಗೆ ಇಲ್ಲಿಯವರು 'ಪೂಹೋನ್' ಎನ್ನುತ್ತಾರೆ. ರಷ್ಯಾದ ದೊರೆ ಪೀಟರ್ 1717ರಲ್ಲಿ ಚಿಕಿತ್ಸೆಗೆಂದು ಬಂದು ಕುಡಿದ ಬುಗ್ಗೆಗೆ ಇಂದಿಗೂ ಅವನದೇ ಹೆಸರು. 2021ರಲ್ಲಿ ಯುನೆಸ್ಕೋ ಯುರೋಪಿನ ಇಂಥ ಹನ್ನೊಂದು ನೀರಿನ ಊರುಗಳನ್ನು ಒಟ್ಟಾಗಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು, ಅದರಲ್ಲಿ ಇದೂ ಒಂದು.

ಒಂದು ಲೋಟ ಕುಡಿದೆ. ಹೊಸದಾಗಿ ಕೊರೆಸಿದ ಬೋರ್‌ವೆಲ್‌ನ ಮೊದಲ ನೀರಿನ ರುಚಿ. ಅಳಿಯ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಬುಗ್ಗೆಯ ಕಲ್ಲಿನ ಮೇಲೆ ನೀರು ಹರಿದಲ್ಲೆಲ್ಲ ಕೆಂಪು ಕರೆ ಕಟ್ಟಿತ್ತು. ಈ ಸೀಮೆಯ ಹಳ್ಳಗಳ ನೀರೂ ಇದೇ ಕಬ್ಬಿಣದಿಂದ ಕೆಂಪಗೆ ಕಾಣುತ್ತದೆ. ರೇಸ್ ನೋಡುವವರೆಲ್ಲರ ಬಾಯಲ್ಲಿರುವ 'ಓ ರೂಜ್' ಎಂಬ ತಿರುವಿನ ಹೆಸರಿಗೆ ಅರ್ಥ ಕೆಂಪು ನೀರು. ಕನ್ನಡದಲ್ಲಾದರೆ ಕೆಂಪುಹಳ್ಳ ಅನ್ನುತ್ತಿದ್ದೆವು. ಟ್ರ್ಯಾಕಿನ ಕೆಳಭಾಗದಲ್ಲಿರುವ ದೊಡ್ಡ ಎಡ ತಿರುವಿನ ಹೆಸರು ಪೂಹೋನ್. ಅಂದರೆ ಇಲ್ಲಿ ತಿರುವುಗಳಿಗೆ ಯಾರೂ ಕೂತು ಹೆಸರಿಟ್ಟಿಲ್ಲ. ಹಳ್ಳದ ಹೆಸರು, ಬುಗ್ಗೆಯ ಹೆಸರು, ಜೌಗಿನ ಹೆಸರು, ಹಳ್ಳಿಯ ಹೆಸರು ಹಾಗೇ ಅಂಟಿಕೊಂಡಿವೆ. ರಾತ್ರಿ ಮಲಗುವವರೆಗೂ ಇದೇ ತಲೆಯಲ್ಲಿತ್ತು.

ಶುಕ್ರವಾರ

ಬೆಳಗ್ಗೆ ಫ್ರಾಂಕೋರ್‌ಶಾಂ ಹಳ್ಳಿಗೆ ಹೋಗಿ ಕಾಫಿ ಕುಡಿಯುತ್ತ ನಕ್ಷೆ ಬಿಡಿಸಿದೆ. ಇವತ್ತು ಟ್ರ್ಯಾಕಿಗೆ ಹೋಗುವುದಲ್ಲ, ಟ್ರ್ಯಾಕಿನಿಂದ ಹೊರಗೆ ಉಳಿದುಹೋದ ಹಳೆಯ ರಸ್ತೆಯನ್ನು ನೋಡುವುದು ಎಂದು ಅಳಿಯನಿಗೆ ಮೊದಲೇ ಹೇಳಿದ್ದೆ. ಅವನಿಗೆ ಇದರಲ್ಲಿ ಅಷ್ಟು ಆಸಕ್ತಿ ಇರಲಿಲ್ಲ. ನಾನು ನಕ್ಷೆಯ ಮೇಲೆ ಬೆರಳಿಟ್ಟು ಮೂರು ಊರುಗಳನ್ನು ತೋರಿಸಿದೆ: ಫ್ರಾಂಕೋರ್‌ಶಾಂ, ಮಾಲ್ಮೆದಿ, ಸ್ಟಾವ್ಲೊ. ಮೂರನ್ನೂ ಕೂಡಿಸುವ ರಸ್ತೆಗಳೇ ಒಂದು ತ್ರಿಕೋನ. 1920ರಲ್ಲಿ ಲಿಯೇಜ್‌ನ ಪತ್ರಿಕೆಯೊಂದರ ಮಾಲೀಕ ಜ್ಯೂಲ್ ದ ಥಿಯೇ ಮತ್ತು ಬೆಲ್ಜಿಯಂನ ಆಟೋಮೊಬೈಲ್ ಕ್ಲಬ್ಬಿನ ಆಂರಿ ಲಾಂಗ್ಲ್ವಾ ವಾನ್ ಓಫೆಮ್ ಈ ತ್ರಿಕೋನವನ್ನು ಆರಿಸಿಕೊಂಡರು. ಒಂದು ಸುತ್ತಿಗೆ ಸುಮಾರು 15 ಕಿಲೋಮೀಟರ್. 1921ರ ಆಗಸ್ಟಿನಲ್ಲಿ ಕಾರು ರೇಸ್ ನಡೆಸಲು ಹೊರಟರೆ ಹೆಸರು ಕೊಟ್ಟದ್ದು ಒಂದೇ ಒಂದು ಕಾರು. ಹಾಗಾಗಿ ಇಲ್ಲಿ ಮೊದಲು ಓಡಿದ್ದು ಮೋಟರ್‌ಸೈಕಲ್‌ಗಳು. ಕಾರುಗಳ ಸರದಿ ಬಂದದ್ದು ಮರುವರ್ಷ. 1924ರಲ್ಲಿ ಶುರುವಾದ 24 ಗಂಟೆಗಳ ಓಟ ಇವತ್ತಿಗೂ ನಡೆಯುತ್ತಿದೆ.

ಇಷ್ಟು ಎಲ್ಲರೂ ಹೇಳುವ ಕಥೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆ ವರ್ಷ, 1920. ಮಾಲ್ಮೆದಿ ಮತ್ತು ಸ್ಟಾವ್ಲೊ ನೂರಾರು ವರ್ಷ ಒಂದೇ ಮಠದ ಆಳ್ವಿಕೆಯಲ್ಲಿದ್ದ ಜೋಡಿ ಊರುಗಳು. ಏಳನೇ ಶತಮಾನದಲ್ಲಿ ಸಂತ ರೆಮಾಕ್ಲ್ ಎರಡು ಕಡೆಯೂ ಮಠ ಕಟ್ಟಿಸಿದ್ದ. ನೆಪೋಲಿಯನ್ ಸೋತ ಮೇಲೆ 1815ರಲ್ಲಿ ದೊಡ್ಡ ರಾಜ್ಯಗಳು ಕೂತು ಯುರೋಪನ್ನು ಹಂಚಿಕೊಂಡಾಗ ಮಾಲ್ಮೆದಿ ಪ್ರಷ್ಯಾಕ್ಕೆ ಹೋಯಿತು, ಸ್ಟಾವ್ಲೊ ಈಚೆ ಉಳಿಯಿತು. ನಡುವಿನ ಗಡಿ ಕೆಂಪುಹಳ್ಳದ ಬಳಿ ಬಂತು. ಹಳ್ಳದ ಹತ್ತಿರ ಸುಂಕದ ಕಟ್ಟೆ. ನೂರು ವರ್ಷ ಹಾಗೇ ಇತ್ತು. ಮೊದಲನೇ ಮಹಾಯುದ್ಧ ಮುಗಿದು ವರ್ಸೈ ಒಪ್ಪಂದವಾದ ಮೇಲೆ ಮಾಲ್ಮೆದಿ ಬೆಲ್ಜಿಯಂ ಪಾಲಾಯಿತು, ಸುಂಕದ ಕಟ್ಟೆಗೆ ಕೆಲಸವಿಲ್ಲದಾಯಿತು. ಆಗ ಬಂದದ್ದೇ ಈ ರೇಸಿನ ಯೋಚನೆ. ಐದಾರು ವರ್ಷ ಹಿಂದೆ ಈ ತ್ರಿಕೋನವನ್ನು ಒಂದು ಸುತ್ತು ಹಾಕಬೇಕೆಂದರೆ ದೇಶದ ಗಡಿ ದಾಟಿ ಹೋಗಿ ಮತ್ತೆ ದಾಟಿ ಬರಬೇಕಿತ್ತು. ಗಡಿ ಅಳಿಯದಿದ್ದರೆ ಈ ಟ್ರ್ಯಾಕ್ ಹುಟ್ಟುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ. ಹಳ್ಳ ದಾಟಿದೊಡನೆ ಇದ್ದ ಹೇರ್‌ಪಿನ್ ತಿರುವಿಗೆ ಜನ 'ಹಳೇ ಸುಂಕದಕಟ್ಟೆ' ಎಂದೇ ಹೆಸರಿಟ್ಟಿದ್ದರು.

"ನಮ್ಮ ಬೆಂಗಳೂರಲ್ಲೂ ಸುಂಕದಕಟ್ಟೆ ಇದೆಯಲ್ಲ ಮಾವ" ಅಂದ ಅಳಿಯ. ಹೌದು, ಮಾಗಡಿ ರಸ್ತೆಯಲ್ಲಿ. ಅಲ್ಲಿಂದ ಅವನೂ ನಕ್ಷೆಯ ಮೇಲೆ ಬಗ್ಗಿದ.

ಕಾರಿನಲ್ಲಿ ಲೆ ಕೋಂಬ್ ಹತ್ತಿರ ಬಂದೆವು. ಇವತ್ತಿನ ಟ್ರ್ಯಾಕ್ ಇಲ್ಲಿ ಬಲಕ್ಕೆ ಹೊರಳಿ ಬೇಲಿಯೊಳಗಿನ ಕಣಿವೆಗೆ ಇಳಿದುಬಿಡುತ್ತದೆ. ಹಳೆಯದು ಎಡಕ್ಕೆ ಬಾಗಿ ಮಾಲ್ಮೆದಿಯ ಕಡೆ ಇಳಿಯುತ್ತಿತ್ತು. ಇಲ್ಲಿಂದ ಸ್ಟಾವ್ಲೊವರೆಗೆ ಈಗ ಮಾಮೂಲಿ ಡಾಂಬರು ರಸ್ತೆ. ಹಾಲಿನ ಟ್ಯಾಂಕರ್, ಸೈಕಲ್ ಸವಾರರು, ಟ್ರ್ಯಾಕ್ಟರ್, ಎಲ್ಲ ಓಡಾಡುತ್ತವೆ. ಬಲಕ್ಕೆ ಉದ್ದಕ್ಕೆ ಬಾಗುತ್ತ ಇಳಿಯುವ ಬ್ಯುರ್ನೆನ್‌ವಿಲ್ ತಿರುವು ಬಂತು. ಅದು ತಿರುವು ಅನ್ನುವುದಕ್ಕಿಂತ ಒಂದು ಊರು. ಮನೆಗಳ ಜಗಲಿಯೇ ರಸ್ತೆಗೆ ಬಂದು ನಿಂತಿದೆ. ಕಾರು ನಿಲ್ಲಿಸಿ ನಡೆದೆವು. ಒಂದು ಮನೆಯ ಕಿಟಕಿಯಲ್ಲಿ ಬೆಕ್ಕು ಕೂತಿತ್ತು.

1960ರ ಜೂನ್‌ನ ಗ್ರಾಂಪ್ರಿ ಎಂಬ ದೊಡ್ಡ ಓಟ ನೆನಪಾಗದೆ ಇಲ್ಲಿ ನಿಲ್ಲಲಾಗುವುದಿಲ್ಲ. ಅಭ್ಯಾಸದ ದಿನವೇ ಸ್ಟರ್ಲಿಂಗ್ ಮಾಸ್ ಕಾರಿನ ಹಿಂಚಕ್ರ ಕಳಚಿ ಎರಡೂ ಕಾಲು ಮುರಿದುಕೊಂಡಿದ್ದ. ರೇಸಿನ ದಿನ ಬ್ಯುರ್ನೆನ್‌ವಿಲ್‌ನಲ್ಲಿ ಕ್ರಿಸ್ ಬ್ರಿಸ್ಟೋ ಸತ್ತ. ಅವನಿಗೆ 22 ವರ್ಷ. ಕೆಲವೇ ನಿಮಿಷಗಳ ಅಂತರದಲ್ಲಿ ಅಲನ್ ಸ್ಟೇಸಿಯೂ ಸತ್ತ. ಅವನ ಮುಖಕ್ಕೆ ಹಕ್ಕಿ ಬಡಿದಿತ್ತು. ಹಿಂದಿನಿಂದ ಬಂದ ಜಿಮ್ ಕ್ಲಾರ್ಕ್ ಬ್ರಿಸ್ಟೋನ ಮೈ ರಸ್ತೆಯಲ್ಲಿ ಬಿದ್ದದ್ದನ್ನು ನೋಡಿದ. ಅವನು ಈ ಟ್ರ್ಯಾಕನ್ನು ದ್ವೇಷಿಸುತ್ತಿದ್ದ, ಬಚ್ಚಿಡಲೂ ಇಲ್ಲ. ಆದರೂ 1962ರಿಂದ 1965ರವರೆಗೆ ಸತತ ನಾಲ್ಕು ವರ್ಷ ಇಲ್ಲಿ ಗೆದ್ದವನು ಅವನೇ. 1963ರಲ್ಲಿ ಸುರಿಯುವ ಮಳೆಯಲ್ಲಿ ಎರಡನೆಯವನಿಗಿಂತ ಸುಮಾರು ಐದು ನಿಮಿಷ ಮುಂದಿದ್ದ. ಹೆದರಿಕೆಯಿಲ್ಲದವನು ವೇಗವಾಗಿ ಹೋಗುತ್ತಾನೆ ಎಂಬ ಮಾತು ಕ್ಲಾರ್ಕ್‌ನ ವಿಷಯದಲ್ಲಿ ಸುಳ್ಳು. ಅವನು ಹೆದರಿಕೊಂಡೇ ಎಲ್ಲರಿಗಿಂತ ವೇಗವಾಗಿ ಹೋದ. ನನಗೆ ಅವನ ಮೇಲಿರುವ ಗೌರವಕ್ಕೆ ಇದೇ ಕಾರಣ.

ಮಾಲ್ಮೆದಿ ದಾಟಿದರೆ ಮಾಸ್ಟಾ. ಎರಡು ಉದ್ದದ ನೇರ ದಾರಿಗಳು, ನಡುವೆ ಎಡ-ಬಲ ಎಂದು ಸಣ್ಣಗೆ ಕೊಂಕುವ ಜಾಗ, ಆ ಕೊಂಕಿನಲ್ಲಿ ಮನೆಗಳು. ನಮ್ಮ ಕಾರಿನಲ್ಲಿ ಹೋಗುವಾಗ ಅಲ್ಲಿ ತಿರುವಿದೆ ಎನ್ನುವುದೇ ಅರಿವಿಗೆ ಬರುವುದಿಲ್ಲ, ಸ್ಟೇರಿಂಗ್ ಒಂದು ಬೆರಳು ಆಡಿಸಿದರೆ ಸಾಕು. ಅವರು ಅಲ್ಲಿಗೆ ಗಂಟೆಗೆ 290 ಕಿಲೋಮೀಟರ್‌ನ ಆಸುಪಾಸಿನ ವೇಗದಲ್ಲಿ ಬರುತ್ತಿದ್ದರು. ಆಕ್ಸಿಲೇಟರ್‌ನಿಂದ ಕಾಲು ತೆಗೆದರೆ ಮುಂದಿನ ನೇರ ದಾರಿಯುದ್ದಕ್ಕೂ ಆ ನಷ್ಟ ಹಿಂಬಾಲಿಸುತ್ತದೆ. ತೆಗೆಯದಿದ್ದರೆ ಪಕ್ಕದಲ್ಲಿ ಮನೆಯ ಗೋಡೆ, ಟೆಲಿಫೋನ್ ಕಂಬ, ತಂತಿಬೇಲಿ. ನಾವು ಅಲ್ಲಿ ನಿಂತಾಗ ಮಳೆ ಬಿಟ್ಟಿತ್ತು. ಒಬ್ಬ ಅಜ್ಜಿ ತೋಟದಲ್ಲಿ ಬಟ್ಟೆ ಹರವುತ್ತಿದ್ದರು. ನಾವು ರಸ್ತೆಯನ್ನು ಹೀಗೆ ನೋಡುತ್ತಿರುವುದು ಯಾಕೆಂದು ಅವರಿಗೆ ಗೊತ್ತಾಯಿತು ಅನ್ನಿಸುತ್ತದೆ, ಕೈಯೆತ್ತಿ ರಸ್ತೆಯ ಆ ತುದಿಯಿಂದ ಈ ತುದಿಗೆ ಬೀಸಿ ತೋರಿಸಿದರು. ನಮಗೆ ಫ್ರೆಂಚ್ ಬಾರದು, ಅವರಿಗೆ ಇಂಗ್ಲಿಷ್ ಬಾರದು. ಆ ಕೈಬೀಸು ಸಾಕಾಗಿತ್ತು.

1966ರಲ್ಲಿ ಓಟ ಹೊರಟಾಗ ಒಣ ರಸ್ತೆ; ಮೊದಲ ಸುತ್ತಿನಲ್ಲೇ ಈ ಕಡೆ ಬರುವಷ್ಟರಲ್ಲಿ ಜಡಿಮಳೆ. ಸುಮಾರು ಅರ್ಧದಷ್ಟು ಕಾರುಗಳು ಆ ಸುತ್ತಿನಲ್ಲೇ ಆಟದಿಂದ ಹೊರಬಿದ್ದವು. ಜ್ಯಾಕಿ ಸ್ಟೂವರ್ಟ್‌ನ ಬಿಆರ್‌ಎಂ ಕಾರು ನೀರಿನ ಮೇಲೆ ಜಾರಿ ರಸ್ತೆ ಬಿಟ್ಟು ಕಂಬಕ್ಕೆ ಬಡಿದು ಒಂದು ತೋಟದ ಮನೆಯ ಬಳಿ ಹೋಗಿ ಬಿತ್ತು. ಕಾರು ನಜ್ಜುಗುಜ್ಜಾಗಿ ಸ್ಟೇರಿಂಗ್ ಅವನ ತೊಡೆಯ ಮೇಲೆ ಒತ್ತಿಕೊಂಡಿತ್ತು. ಟ್ಯಾಂಕ್ ಒಡೆದು ಪೆಟ್ರೋಲು ಮೈಮೇಲೆ ಸುರಿಯುತ್ತಿತ್ತು. ಒಂದು ಕಿಡಿ ಬಿದ್ದಿದ್ದರೆ ಮುಗಿಯಿತು. ಬಿಡಿಸಲು ಬಂದದ್ದು ಅಧಿಕಾರಿಗಳಲ್ಲ. ಅಲ್ಲೇ ಹತ್ತಿರ ರಸ್ತೆ ಬಿಟ್ಟಿದ್ದ ಇಬ್ಬರು ಚಾಲಕರು, ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಾಂಟ್. ಪ್ರೇಕ್ಷಕರೊಬ್ಬರ ಹತ್ತಿರ ಸ್ಪ್ಯಾನರ್ ಕೇಳಿ ತಂದು ಸ್ಟೇರಿಂಗ್ ಬಿಚ್ಚಿ ಅವನನ್ನು ಹೊರಗೆಳೆದರು. ಆಮೇಲೆ ಅವನನ್ನು ಹೊತ್ತ ಆಂಬುಲೆನ್ಸ್ ದಾರಿ ತಪ್ಪಿತು. ಅಂದಿನಿಂದ ಸ್ಟೂವರ್ಟ್ ತನ್ನ ಕಾರಿನಲ್ಲಿ ಒಂದು ಸ್ಪ್ಯಾನರ್ ಅಂಟಿಸಿಕೊಂಡೇ ಓಡಿಸಿದ. ಸೀಟ್‌ಬೆಲ್ಟ್, ತಡೆಬೇಲಿ, ಒಳ್ಳೆಯ ವೈದ್ಯರು ಬೇಕೆಂದು ಹಟ ಹಿಡಿದ. ಹೇಡಿ ಅಂದವರಿದ್ದರು. ಅವನು ಬಿಡಲಿಲ್ಲ. ಇವತ್ತು ಟ್ರ್ಯಾಕ್ ಪಕ್ಕದಲ್ಲೇ ಹೆಲಿಕಾಪ್ಟರ್ ಕಾದು ನಿಲ್ಲುವುದರ ಹಿಂದೆ ಈ ಮಾಸ್ಟಾದ ಒಂದು ತೋಟದ ಮನೆ ಇದೆ.

1969ರಲ್ಲಿ ಚಾಲಕರು ಒಪ್ಪದ ಕಾರಣ ಇಲ್ಲಿ ಗ್ರಾಂಪ್ರಿ ನಡೆಯಲಿಲ್ಲ. 1970ರಲ್ಲಿ ಕೆಲವೆಡೆ ತಡೆಬೇಲಿ ಹಾಕಿ ಒಮ್ಮೆ ನಡೆಸಿದರು. ಪೆದ್ರೋ ರೋದ್ರಿಗೆಸ್ ಗಂಟೆಗೆ 241 ಕಿಲೋಮೀಟರ್ ಸರಾಸರಿಯಲ್ಲಿ ಗೆದ್ದ. ಸರಾಸರಿ, ನೆನಪಿರಲಿ, ಲಾ ಸೂರ್ಸ್‌ನ ಹೇರ್‌ಪಿನ್ನೂ ಸೇರಿ. ಹಳೆಯ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್‌ಗೆ ಅದೇ ಕೊನೆ. 1973ರಲ್ಲಿ ದೀರ್ಘ ಓಟದ ಮಾತ್ರಾ ಕಾರಿನಲ್ಲಿ ಆಂರಿ ಪೆಸ್ಕಾರೊಲೊ ಇಡೀ 14 ಕಿಲೋಮೀಟರ್ ಸುತ್ತನ್ನು 3 ನಿಮಿಷ 13.4 ಸೆಕೆಂಡಿನಲ್ಲಿ ಮುಗಿಸಿದ. ಆ ದಾಖಲೆ ಮುರಿಯುವವರು ಇನ್ನು ಹುಟ್ಟುವಂತಿಲ್ಲ, ಮುರಿಯಲು ಆ ಟ್ರ್ಯಾಕೇ ಉಳಿದಿಲ್ಲವಲ್ಲ.

ಸ್ಟಾವ್ಲೊ ತಲುಪುವಾಗ ಮತ್ತೆ ಮಳೆ. ಮಠದ ನೆಲಮಾಳಿಗೆಯಲ್ಲಿ ಸರ್ಕ್ಯೂಟಿನ ವಸ್ತುಸಂಗ್ರಹಾಲಯವಿದೆ. ಕಲ್ಲಿನ ಕಮಾನುಗಳ ಅಡಿಯಲ್ಲಿ ರೇಸ್ ಕಾರುಗಳು, ಬೈಕುಗಳು ಸಾಲಾಗಿ ನಿಂತಿವೆ. ಹಳೆಯ ಫೋಟೋಗಳನ್ನು ನೋಡುತ್ತ 1925ರ ಮೊದಲ ಗ್ರಾಂಪ್ರಿ ನೆನಪಾಯಿತು. ಅಂದು ಹೊರಟದ್ದು ಏಳು ಕಾರು, ಮುಗಿಸಿದ್ದು ಎರಡು, ಎರಡೂ ಆಲ್ಫಾ ರೋಮಿಯೋ. ಗೆದ್ದ ಆಂತೋನಿಯೋ ಅಸ್ಕಾರಿ ಮುಂದಿನ ತಿಂಗಳೇ ಫ್ರಾನ್ಸಿನ ಮೋಂಲೇರಿಯಲ್ಲಿ ಓಡಿಸುತ್ತ ತೀರಿಕೊಂಡ.

ಈ ರಸ್ತೆಗಳ ಮೇಲೆ ಓಡಿದ್ದು ರೇಸಿನವರು ಮಾತ್ರವಲ್ಲ. 1944ರ ಡಿಸೆಂಬರ್ 17ರಂದು ಮಾಲ್ಮೆದಿ ಬಳಿಯ ಬೋನ್ಯೆಯಲ್ಲಿ ಜರ್ಮನ್ ಪಡೆ 84 ಅಮೆರಿಕನ್ ಸೆರೆಯಾಳುಗಳನ್ನು ಗುಂಡಿಟ್ಟು ಕೊಂದಿತು. ಮರುದಿನ ಅದೇ ಪಡೆ ಸ್ಟಾವ್ಲೊಗೆ ನುಗ್ಗಿದಾಗ, ಫ್ರಾಂಕೋರ್‌ಶಾಂಗೆ ಹೋಗುವ ರಸ್ತೆಯ ಬದಿಯಲ್ಲಿ ಕೂಡಿಟ್ಟಿದ್ದ ಅಮೆರಿಕನ್ನರ ಪೆಟ್ರೋಲಿಗೆ ಕಾವಲಿನವರೇ ಬೆಂಕಿ ಕೊಟ್ಟು ದಾರಿ ಮುಚ್ಚಿದರು. ಎರಡೂವರೆ ವರ್ಷದಲ್ಲಿ, 1947ರ ಜೂನಿನಲ್ಲಿ, ಇಲ್ಲಿ ಮತ್ತೆ ಗ್ರಾಂಪ್ರಿ ನಡೆಯಿತು. ಈ ಎರಡು ದಿನಾಂಕಗಳನ್ನು ಜೊತೆಗಿಟ್ಟು ಯೋಚಿಸಿದಾಗ ಆ ಜನಕ್ಕೆ ರೇಸು ಏನಾಗಿತ್ತು ಎಂಬುದು ಸ್ವಲ್ಪ ಅರ್ಥವಾಗುತ್ತದೆ.

ವಾಪಸ್ ಬರುವಾಗ ಮಾಲ್ಮೆದಿಯ ಹೆಸರಾಂತ ಸಿಹಿ ತಿಂದೆವು, ಎರಡು ಮೊಟ್ಟೆಬಿಳಿಯ ಮೆರಾಂಗ್ ನಡುವೆ ಕೆನೆ. ಅಳಿಯ ಎರಡು ತಿಂದ.

ಶನಿವಾರ

ಇವತ್ತು ಟ್ರ್ಯಾಕು. ಮಾರ್ಗದರ್ಶಿಯ ಜೊತೆ ಸುತ್ತಾಡಿಸುವ ವ್ಯವಸ್ಥೆ ಇದೆ, ಅದಕ್ಕೆ ಸೇರಿಕೊಂಡೆವು. ನಿಯಂತ್ರಣ ಕೊಠಡಿ, ಪತ್ರಕರ್ತರ ಕೊಠಡಿ, ಗೆದ್ದವರು ನಿಲ್ಲುವ ಪೀಠ, ಎಲ್ಲ ತೋರಿಸಿದರು. ಜನ ಪೀಠದ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ನನ್ನ ಕಣ್ಣು ಕಿಟಕಿಯಾಚೆಗೇ ಇತ್ತು.

ಟೀವಿ ಒಂದು ವಿಷಯವನ್ನು ತೋರಿಸುವುದೇ ಇಲ್ಲ: ಏರು. ಇಡೀ ಟ್ರ್ಯಾಕಿನಲ್ಲಿ ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಜಾಗಕ್ಕೂ ಸುಮಾರು 100 ಮೀಟರ್ ವ್ಯತ್ಯಾಸ. ಲಾ ಸೂರ್ಸ್ ಹೇರ್‌ಪಿನ್ ಮೇಲ್ಗಡೆ ಇದೆ. ಅಲ್ಲಿಂದ ಕಾರು ನಿಲ್ಲಿಸಿ ಟೈರ್ ಬದಲಿಸುವ ಹಳೆಯ ಪಿಟ್‌ಗಳ ಪಕ್ಕದಲ್ಲಿ ನೇರ ಇಳಿಜಾರು, ಕೆಳಗೆ ಹಳ್ಳ. ಹಳ್ಳದ ಮೇಲೆ ಸಣ್ಣಗೆ ಎಡಕ್ಕೆ ತಿರುಗುವುದಷ್ಟೇ ಓ ರೂಜ್. ತಕ್ಷಣ ಬಲಕ್ಕೆ ಹೊರಳಿ ಗೋಡೆಯಂತೆ ಏರುವುದು ರೆದಿಯೋಂ, ಅಂದರೆ ಕಡಿದಾದ ಏರು. ತುದಿಯಲ್ಲಿ ಮತ್ತೆ ಎಡ. ಎಲ್ಲರೂ ಇಡೀ ಜಾಗವನ್ನು ಓ ರೂಜ್ ಎಂದೇ ಕರೆಯುತ್ತಾರೆ, ನಾನೂ ಕರೆಯುತ್ತಿದ್ದೆ. ಏರಿನ ಬುಡದಲ್ಲಿ ನಿಂತಾಗ ಎರಡು ಹೆಸರು ಯಾಕೆ ಬೇಕು ಎಂದು ತಿಳಿಯಿತು. ಒಂದು ನೀರಿನದು, ಇನ್ನೊಂದು ಗುಡ್ಡದ್ದು.

1939ಕ್ಕೆ ಮೊದಲು ಈ ಏರು ಟ್ರ್ಯಾಕಿನಲ್ಲಿ ಇರಲಿಲ್ಲ. ಕಾರುಗಳು ಹಳ್ಳ ದಾಟಿ ಎಡಕ್ಕೆ ಹೋಗಿ, ಹಳೇ ಸುಂಕದಕಟ್ಟೆಯ ಹೇರ್‌ಪಿನ್ನಿನಲ್ಲಿ ಸುತ್ತಿ, ಮತ್ತೆ ಮೇಲೆ ಬರುತ್ತಿದ್ದವು. ವೇಗ ಹೆಚ್ಚಿಸಬೇಕೆಂದು ಆ ವರ್ಷ ಹೇರ್‌ಪಿನ್ ಬಿಟ್ಟು ಗುಡ್ಡಕ್ಕೇ ನೇರ ದಾರಿ ಹಾಕಿದರು. ಅದೇ ವರ್ಷ ಜೂನಿನಲ್ಲಿ, ಮಳೆಯಲ್ಲಿ, ಮುಂದಿದ್ದ ಮರ್ಸಿಡಿಸ್ ಚಾಲಕ ರಿಚರ್ಡ್ ಸೀಮನ್ ಲಾ ಸೂರ್ಸ್‌ಗೆ ಬರುವ ಮೊದಲು ಮರಕ್ಕೆ ಬಡಿದು ಬೆಂಕಿಯಲ್ಲಿ ಸಿಕ್ಕಿ ತೀರಿಕೊಂಡ.

ಏರು ಹತ್ತಿದೆವು. ಶಿರಾಡಿಯಲ್ಲಿ ಬೆಳೆದ ಕಾಲುಗಳು ನನ್ನವು, ಆದರೂ ಅರ್ಧದಲ್ಲಿ ನಿಂತು ಉಸಿರು ತೆಗೆದುಕೊಂಡೆ. ಚಾಲಕನಿಗೆ ಇಲ್ಲಿ ಎದುರಿಗೆ ಕಾಣುವುದು ಆಕಾಶ ಮಾತ್ರ. ತುದಿಯ ಆಚೆ ರಸ್ತೆ ಯಾವ ಕಡೆ ಹೋಗುತ್ತದೆ, ಅಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು ಕಾಣುವುದಿಲ್ಲ. ಬುಡದಲ್ಲಿ ಕಾರು ನೆಲಕ್ಕೆ ಒತ್ತಿಕೊಳ್ಳುತ್ತದೆ, ತುದಿಯಲ್ಲಿ ಹಗುರಾಗುತ್ತದೆ. ಹಗುರಾದ ಕ್ಷಣದಲ್ಲೇ ಎಡಕ್ಕೆ ತಿರುಗಿಸಬೇಕು. ಇದರ ಸೊಗಸೂ ಅಪಾಯವೂ ಒಂದೇ ಜಾಗದಲ್ಲಿವೆ, ಬೇರೆ ಬೇರೆ ಮಾಡಲು ಬರುವುದಿಲ್ಲ. 1985ರಲ್ಲಿ ಸಾವಿರ ಕಿಲೋಮೀಟರ್ ಓಟದಲ್ಲಿ ಸ್ಟೆಫಾನ್ ಬೆಲ್ಲೋಫ್ ಇಲ್ಲಿ ತೀರಿಕೊಂಡ. 2019ರ ಆಗಸ್ಟ್ 31ರಂದು ಫಾರ್ಮುಲಾ ಟೂ ಓಟದಲ್ಲಿ ಆಂತ್ವಾನ್ ಯೂಬೇರ್, 22 ವರ್ಷದವನು, ತುದಿಯ ಆಚೆ ಗೋಡೆಗೆ ಬಡಿದು ಟ್ರ್ಯಾಕಿನ ಕಡೆ ಪುಟಿದು ಬಂದಾಗ ಹಿಂದಿನ ಕಾರು ಬಂದು ಗುದ್ದಿತು, ಅವನೂ ಉಳಿಯಲಿಲ್ಲ. 2022ಕ್ಕೆ ಇಲ್ಲಿ ಪಕ್ಕದ ಜಾಗ ಅಗಲ ಮಾಡಿದರು, ತಡೆಗೋಡೆ ಹಿಂದೆ ಸರಿಸಿದರು, ಕೆಲವು ತಿರುವುಗಳಲ್ಲಿ ಡಾಂಬರು ತೆಗೆದು ಜಲ್ಲಿ ಹಾಸಿದರು. ಆದರೂ 2023ರ ಜುಲೈಯಲ್ಲಿ, ಮಳೆಯಲ್ಲಿ, ಇದರಾಚೆಯ ಕೆಮ್ಮೆಲ್ ನೇರ ದಾರಿಯಲ್ಲಿ ಹದಿನೆಂಟು ವರ್ಷದ ಡಿಲಾನೊ ವಾನ್ ಟ್ ಹೋಫ್ ತೀರಿಕೊಂಡ. ಮುಂದಿನ ಕಾರು ಎಬ್ಬಿಸುವ ನೀರಿನ ಧೂಳಿನಲ್ಲಿ ಕಣ್ಣೇ ಕಾಣುವುದಿಲ್ಲ.

ಇಲ್ಲಿ ಬದಲಾವಣೆ ಮಾಡಿದಾಗಲೆಲ್ಲ ಟ್ರ್ಯಾಕಿನ ಸತ್ವ ಹೋಯಿತು ಎಂದು ಕೊರಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗುಡ್ಡ ಹಾಗೇ ಇದೆ, ಹಳ್ಳ ಹಾಗೇ ಇದೆ. ಗೋಡೆ ಹತ್ತು ಹೆಜ್ಜೆ ಹಿಂದೆ ಹೋದರೆ ಸತ್ವಕ್ಕೆ ಏನೂ ಆಗುವುದಿಲ್ಲ.

ತುದಿಯಲ್ಲಿ ನಿಂತು ಕೆಮ್ಮೆಲ್ ಕಡೆ ನೋಡುವಾಗ 2009ರ ಆಗಸ್ಟ್ ಕೊನೆಯ ಶನಿವಾರ ಮನಸ್ಸಿಗೆ ಬಂತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಟೀವಿ ಮುಂದೆ ಕೂತಿದ್ದೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಮಾಲೀಕರಾಗಿದ್ದ ಫೋರ್ಸ್ ಇಂಡಿಯಾ ತಂಡ ಅಲ್ಲಿಯವರೆಗೆ ಒಂದೇ ಒಂದು ಅಂಕ ಗಳಿಸಿರಲಿಲ್ಲ. ಆ ದಿನ ಅದರ ಜಾನ್‌ಕಾರ್ಲೊ ಫಿಸಿಕೆಲ್ಲಾ ಎಲ್ಲರಿಗಿಂತ ವೇಗವಾಗಿ ಸುತ್ತಿ ಪೋಲ್ ಪೊಸಿಷನ್, ಅಂದರೆ ಮರುದಿನದ ಓಟಕ್ಕೆ ಎಲ್ಲರಿಗಿಂತ ಮುಂದೆ ನಿಲ್ಲುವ ಜಾಗ, ಪಡೆದ. ನಂಬಲಾಗದೆ ಎದ್ದು ನಿಂತಿದ್ದೆ. ಭಾನುವಾರ, ಅಪಘಾತವಾದಾಗ ಎಲ್ಲರನ್ನೂ ನಿಧಾನವಾಗಿ ನಡೆಸುವ ಸೇಫ್ಟಿ ಕಾರ್ ಒಳಗೆ ಹೋದ ಕೂಡಲೇ ಫೆರಾರಿಯ ಕಿಮಿ ರೈಕೋನೆನ್ ಈ ಏರು ಹತ್ತಿ, ಇದೇ ನೇರ ದಾರಿಯಲ್ಲಿ ಮುಂದೆ ಹೋದ. ಅವನ ಕಾರಿನಲ್ಲಿ ಬ್ರೇಕಿನ ಶಕ್ತಿಯನ್ನು ಕೂಡಿಟ್ಟು ಬೇಕಾದಾಗ ಬಳಸುವ ಕೆರ್ಸ್ ಇತ್ತು, ಇವನಲ್ಲಿ ಇರಲಿಲ್ಲ. ಆಮೇಲೆ ಇಡೀ ಓಟ ಫಿಸಿಕೆಲ್ಲಾ ಅವನ ಬೆನ್ನಿಗೇ ಇದ್ದ. ಕೊನೆಗೆ ಅಂತರ ಒಂದು ಸೆಕೆಂಡಿಗಿಂತ ಕಡಿಮೆ. ಏರು ಮುಗಿದ ತಕ್ಷಣ ಉದ್ದದ ನೇರ ದಾರಿ ಬರುವುದರಿಂದ ಏರಿನಲ್ಲಿ ಯಾರು ವೇಗ ಉಳಿಸಿಕೊಳ್ಳುತ್ತಾರೋ, ಯಾರಿಗೆ ಸ್ವಲ್ಪ ಹೆಚ್ಚು ಬಲವಿದೆಯೋ ಅವರದೇ ಮೇಲುಗೈ. ಅದನ್ನು ಅಳಿಯನಿಗೆ ವಿವರಿಸುತ್ತ ಇದ್ದಾಗ ನನ್ನ ಗಂಟಲು ಕಟ್ಟಿತು. "ನಾನಾಗ ಆರನೇ ಕ್ಲಾಸು ಮಾವ, ನನಗೂ ನೆನಪಿದೆ, ನೀವು ಫೋನ್ ಮಾಡಿ ಅಮ್ಮನ ಹತ್ರ ಕೂಗಾಡಿದ್ರಿ" ಅಂದ.

2000ದಲ್ಲಿ ಮೀಕಾ ಹಾಕಿನೆನ್ ಮೈಕೆಲ್ ಶೂಮಾಕರ್‌ನನ್ನು ಹಿಂದೆ ಹಾಕಿದ್ದೂ ಈ ದಾರಿಯಲ್ಲೇ. ನಡುವೆ ನಿಧಾನದ ಕಾರೊಂದು ಇತ್ತು. ಶೂಮಾಕರ್ ಅದರ ಒಂದು ಬದಿಗೆ, ಹಾಕಿನೆನ್ ಇನ್ನೊಂದು ಬದಿಗೆ. ಮೂರು ಕಾರು ಸಾಲಾಗಿ ಲೆ ಕೋಂಬ್‌ಗೆ ಬಂದವು, ಮೊದಲು ಹೊಕ್ಕವನು ಹಾಕಿನೆನ್. ಅದೇ ವರ್ಷದವರೆಗೆ ಈ ನೆಲ ರೇಸಿಲ್ಲದ ದಿನ ಸಾರ್ವಜನಿಕರ ರಸ್ತೆಯಾಗಿತ್ತು ಎಂಬುದು ನನಗೆ ಇನ್ನೂ ದೊಡ್ಡ ಸಂಗತಿ. ತರಕಾರಿ ತರಲು ಹೋಗುವವರು ರೆದಿಯೋಂ ಹತ್ತಿ ಹೋಗುತ್ತಿದ್ದರು.

ಮಧ್ಯಾಹ್ನ ಕಾಡಿನ ಕಾಲುದಾರಿಯಲ್ಲಿ ಕೆಳಗೆ ಇಳಿದೆವು. 1979ರಲ್ಲಿ ಟ್ರ್ಯಾಕನ್ನು 14ರಿಂದ ಸುಮಾರು 7 ಕಿಲೋಮೀಟರಿಗೆ ಇಳಿಸಿದರು. ಲಾ ಸೂರ್ಸ್‌ನಿಂದ ಲೆ ಕೋಂಬ್‌ವರೆಗೆ, ಮತ್ತೆ ಸ್ಟಾವ್ಲೊ ಕಡೆಯಿಂದ ಬ್ಲಾಂಶಿಮೋಂ ಮೂಲಕ ಮೇಲಕ್ಕೆ, ಹಳೆಯ ರಸ್ತೆಯೇ. ನಡುವಿನ ತುಂಡು ಹೊಸದು. ಪೂಹೋನ್, ಫಾನ್ಯ್ ತಿರುವುಗಳು ಆ ಹೊಸ ತುಂಡಿನವು. ಹಳತಿಗೆ ಹೊಸತನ್ನು ಸೇರಿಸಿದ ಹೊಲಿಗೆ ಎಲ್ಲೂ ಎದ್ದು ಕಾಣುವುದಿಲ್ಲ, ಏಕೆಂದರೆ ಹೊಸದನ್ನು ಹಾಕಿದವರು ಗುಡ್ಡವನ್ನು ಸಮ ಮಾಡಲಿಲ್ಲ, ಕಣಿವೆ ಇಳಿದ ಹಾಗೆ ಇಳಿದರು. ಟ್ರ್ಯಾಕನ್ನು ಗಿಡ್ಡ ಮಾಡಿಯೂ ಅದನ್ನು ಅದಾಗಿಯೇ ಉಳಿಸಿದ ಉದಾಹರಣೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 1983ರಲ್ಲಿ ಫಾರ್ಮುಲಾ ಒನ್ ಮರಳಿ ಬಂತು. 1985ರಲ್ಲಿ ಮಾತ್ರ ಓಟಕ್ಕೆ ತುಸು ಮೊದಲು ಹೊಸ ಡಾಂಬರು ಹಾಕಿ, ಅದು ಗಟ್ಟಿಯಾಗುವ ಮುಂಚೆ ಕಾರುಗಳು ಓಡಿ, ಜೂನ್ ಬಿಸಿಲಿಗೆ ಪದರಪದರವಾಗಿ ಕಿತ್ತು ಬಂತು. ಓಟ ಸೆಪ್ಟೆಂಬರಿಗೆ ಹೋಯಿತು. ಆಗ ಗೆದ್ದವನು ಅಯರ್ಟನ್ ಸೆನ್ನಾ. ಮುಂದೆ 1988ರಿಂದ 1991ರವರೆಗೆ ಸತತ ನಾಲ್ಕು ಸಲ ಅವನೇ. ಶೂಮಾಕರ್‌ನ ಮೊದಲ ಫಾರ್ಮುಲಾ ಒನ್ ಓಟ 1991ರಲ್ಲಿ ಇಲ್ಲಿ, ಮೊದಲ ಗೆಲುವು ಮರುವರ್ಷ ಇಲ್ಲಿ.

ಪೂಹೋನ್ ಬಳಿ ನಿಂತಾಗ ಮಳೆ ಬಂತು. ಅದು ಬರುವುದು ಕಾಣುತ್ತಿತ್ತು: ಎದುರು ಕಾಡಿನ ತಲೆ ಮಸುಕಾಯಿತು, ಆಮೇಲೆ ಟ್ರ್ಯಾಕಿನ ಆ ಬದಿ ಕಪ್ಪಾಯಿತು, ಆಮೇಲೆ ನಮ್ಮ ಕೊಡೆ. ಇದರ ಹಿಂದೆಯೇ ಊಟ್ ಫಾನ್ಯ್ ಎಂಬ ಎತ್ತರದ ಜೌಗು ಬಯಲಿದೆ. ಬೆಲ್ಜಿಯಂನ ಅತಿ ಎತ್ತರದ ಜಾಗ, 694 ಮೀಟರಿನ ಬೋತ್ರಾಂಜ್, ಅಲ್ಲೇ. ಪಶ್ಚಿಮದ ಸಮುದ್ರದ ತೇವ ಗಾಳಿ ಬಯಲೆಲ್ಲ ದಾಟಿ ಬಂದು ಮೊದಲು ಏರಬೇಕಾದ ಗುಡ್ಡಗಳು ಇವು. ನಮ್ಮ ಪಶ್ಚಿಮಘಟ್ಟದಲ್ಲಿ ಆಗುವುದೇ ಇಲ್ಲಿ ಸಣ್ಣದಾಗಿ ಆಗುತ್ತದೆ. 7 ಕಿಲೋಮೀಟರ್ ಉದ್ದಕ್ಕೆ ಹರಡಿದ ಟ್ರ್ಯಾಕಿನಲ್ಲಿ ಒಂದು ಮೂಲೆ ನೆನೆದು ಇನ್ನೊಂದು ಒಣಗಿರುವಾಗ ಯಾವ ಟೈರ್ ಹಾಕಬೇಕು? ಯಾವುದು ಹಾಕಿದರೂ ಎಲ್ಲೋ ಒಂದು ಕಡೆ ತಪ್ಪು. 1998ರಲ್ಲಿ ಮಳೆಯಲ್ಲಿ ಓಟ ಹೊರಟ ಕೂಡಲೇ ಲಾ ಸೂರ್ಸ್ ದಾಟಿದ ಇಳಿಜಾರಿನಲ್ಲಿ ಒಂದು ಕಾರು ಅಡ್ಡ ತಿರುಗಿ ಹದಿಮೂರು ಕಾರು ಗುದ್ದಿಕೊಂಡವು. 2021ರಲ್ಲಿ ಮಳೆ ಬಿಡದೆ, ಜನ ಗಂಟೆಗಟ್ಟಲೆ ನೆನೆದು ಕೂತರು. ಕೊನೆಗೆ ಸೇಫ್ಟಿ ಕಾರಿನ ಹಿಂದೆ ಕೆಲವು ಸುತ್ತು ಹಾಕಿ ಅರ್ಧ ಅಂಕ ಹಂಚಿದರು. ಓಡಿಸದೆ ಇದ್ದದ್ದು ಸರಿ. ಆದರೆ ಅದನ್ನು ಓಟ ಎಂದು ಲೆಕ್ಕಕ್ಕೆ ಬರೆದದ್ದು ಆ ನೆನೆದ ಜನಕ್ಕೆ ಮಾಡಿದ ಅನ್ಯಾಯ ಎಂದು ನನಗೆ ಅಂದೂ ಅನ್ನಿಸಿತ್ತು, ಅಲ್ಲಿ ನೆನೆಯುತ್ತ ನಿಂತಾಗ ಇನ್ನೂ ಹೆಚ್ಚು ಅನ್ನಿಸಿತು.

ಈಗಿನ ಒಪ್ಪಂದದ ಪ್ರಕಾರ 2028 ಮತ್ತು 2030ರಲ್ಲಿ ಇಲ್ಲಿ ಫಾರ್ಮುಲಾ ಒನ್ ಇರುವುದಿಲ್ಲ. ಬೇರೆ ಊರುಗಳಿಗೆ ಸರದಿ. ಇದನ್ನು ಮಾತ್ರ ನುಂಗಿಕೊಳ್ಳುವುದು ಕಷ್ಟ.

ಭಾನುವಾರ

ಹೊರಡುವ ದಿನ. ಸೀದಾ ಹೋಗುವ ಹೆದ್ದಾರಿ ಬಿಟ್ಟು, ಮತ್ತೊಮ್ಮೆ ಹಳೆಯ ರಸ್ತೆಯಲ್ಲಿ ಹೋಗೋಣ ಅಂದವನು ಅಳಿಯ. ಆರು ಗಂಟೆಗೇ ಎದ್ದೆವು. ಮಂಜು ಇತ್ತು, ಮಳೆ ಇರಲಿಲ್ಲ.

ಬ್ಯುರ್ನೆನ್‌ವಿಲ್ ಇಳಿದು ಮಾಲ್ಮೆದಿ ತಿರುವು ದಾಟಿದ ಮೇಲೆ ಮುಂದೆ ಒಂದು ಟ್ರ್ಯಾಕ್ಟರ್ ಸಿಕ್ಕಿತು, ಹಿಂದೆ ಹುಲ್ಲಿನ ಉರುಳೆ ಹೊತ್ತ ಟ್ರೈಲರ್. ಎದುರಿನಿಂದ ಒಂದು ಗಾಡಿಯೂ ಇರಲಿಲ್ಲ, ರಸ್ತೆ ಕಣ್ಣು ಹರಿಯುವಷ್ಟು ದೂರ ನೇರ. ಅಳಿಯ ಇಂಡಿಕೇಟರ್ ಹಾಕಿದ.

"ಬೇಡ, ಹಿಂದೇ ಹೋಗು" ಅಂದೆ.

ಇಂಡಿಕೇಟರ್ ತೆಗೆದ. ಎರಡನೇ ಗೇರಿನಲ್ಲಿ, ಟ್ರ್ಯಾಕ್ಟರಿನ ಹಿಂದೆ, ಮಾಸ್ಟಾ ನೇರ ದಾರಿಯನ್ನು ನಾಲ್ಕೈದು ನಿಮಿಷ ಹೋದೆವು. ಪಕ್ಕದ ಹೊಲಗಳು, ಬೇಲಿಗೂಟ, ಕಂಬಗಳು ಒಂದೊಂದಾಗಿ ಬಂದು ಹೋದವು. ಕೊಂಕು ಬಂತು, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಆ ನಿಧಾನದಲ್ಲಿ ಅದು ನಿಜವಾಗಿಯೂ ತಿರುವಿನಂತೆ ಕಂಡಿತು. ಶುಕ್ರವಾರ ನೋಡಿದ ಮನೆಯ ಹಗ್ಗದ ಮೇಲೆ ಬಟ್ಟೆ ಇರಲಿಲ್ಲ. ಅದನ್ನು ದಾಟಿದ ಮೇಲೆ ಟ್ರ್ಯಾಕ್ಟರ್ ಬಲಕ್ಕೆ ಒಂದು ಅಂಗಳದೊಳಗೆ ತಿರುಗಿತು. ಓಡಿಸುತ್ತಿದ್ದವನು ಹಿಂದೆ ನೋಡದೆ, ಕಾದದ್ದಕ್ಕೆ ಎಂಬಂತೆ, ಒಂದು ಕೈ ಮೇಲೆತ್ತಿದ.